ಬರಣಿಯೊಳಗಿನ ಊರು, ದೊಡ್ಡವ್ವನ ಒಂದು ಕಣ್ಣು

ಓದಿ ದಣಿದವರನ್ನು ನಾನು ಕಂಡಿಲ್ಲ. ಓದಿ ಹೇಳಿ ದಣಿದವನನ್ನು ಮಾತ್ರ ದಿನಾ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಕಾಣುತ್ತೇನೆ. ಮೂಡಲಗಿಯ ಪ್ರಾಥಮಿಕ ಶಾಲೆಗೆ ಮಾಸ್ತರನಾಗಿ ಸೇರಿದಂದಿನಿಂದ ನನ್ನ ಗಂಟಲು ನನ್ನದಾಗಿ ಉಳಿದಿಲ್ಲ. ಹಗಲೆಲ್ಲ ಮಕ್ಕಳಿಗೆ ಪಾಠ ಓದಬೇಕು. ಹೆಡ್‌ಮಾಸ್ತರರ ಚಾಳೀಸು ಕನ್ನಡಕ ಸದಾ ಮನೆಯಲ್ಲೇ ಉಳಿದಿರುವುದರಿಂದ ಇಲಾಖೆಯ ಸುತ್ತೋಲೆಯನ್ನು ಅವರಿಗೆ ಓದಬೇಕು. ಸಂಜೆ ಗೋಕಾಕದ ಬಸ್ಸು ಹತ್ತಿದರೆ ಬಾಜೂ ಕುಳಿತ ಹಿರಿಯರ ಲಗ್ನಪತ್ರಿಕೆಯನ್ನೋ ದವಾಖಾನೆಯ ಚೀಟಿಯನ್ನೋ ಓದಬೇಕು. ಅದೇನು ನನ್ನ ಹಣೆಯ ಮೇಲೆ ಬರೆದಿದೆಯೋ, ತುಂಬಿದ ಬಸ್ಸಿನಲ್ಲಿಯೂ ಕಾಗದ ಹಿಡಿದವರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಒಮ್ಮೆ ಒಬ್ಬ ಹಿರಿಯರು ಮಗಳ ಪತ್ರವನ್ನು ನನ್ನಿಂದ ಓದಿಸಿ, ಸಮಾಧಾನವಾಗದೆ ಹಿಂದಿನ ಸೀಟಿನವರಿಂದ ಮತ್ತೊಮ್ಮೆ ಓದಿಸಿ, "ಇವರು ಚಲೋ ಓದಿದ್ರು ನೋಡ್ರಿ, ಅಕಿನ ಬಂದು ಮಾತಾಡಿದಂಗಾತು" ಎಂದು ನನಗೇ ಹೇಳಿದ್ದುಂಟು. ಇಂಥ ಬಾಳಿನಲ್ಲಿ ಮನೆಗೆ ಬಂದ ಮೇಲಾದರೂ ಬಾಯಿ ಮುಚ್ಚಿಕೊಂಡು ಒಂದು ತಾಸು ಕೂಡಬೇಕೆನ್ನುವುದು ದೊಡ್ಡ ಆಸೆಯಲ್ಲ. ಆದರೆ ಮನೆಯಲ್ಲಿ ದೊಡ್ಡವ್ವ ಇದ್ದಳು.

ದೊಡ್ಡವ್ವ ನಮ್ಮವ್ವನ ಅಕ್ಕ. ಮಕ್ಕಳಿಲ್ಲದವಳು, ಗಂಡ ಹೋದ ಮೇಲೆ ಒಂದು ಟ್ರಂಕು, ಒಂದು ಎಮ್ಮೆ ಸಮೇತ ನಮ್ಮ ಮನೆಗೆ ಬಂದವಳು ಅಲ್ಲೇ ಉಳಿದಳು. ನನಗೆ ಕನ್ನಡ ಕಲಿಸಿದವಳು ಅವಳೇ. ಸಾಲಿಯಲ್ಲಿ ನಾನು ಕಲಿತದ್ದು ಒತ್ತಕ್ಷರ ಅಷ್ಟೆ. ಮಾತು, ಬೈಗಳು, ಕಥೆ ಹೇಳುವಾಗ ಎಲ್ಲಿ ನಿಲ್ಲಿಸಬೇಕು ಎಂಬುದು, ಎಲ್ಲ ಅವಳ ಮಗ್ಗುಲಲ್ಲಿ ಮಲಗಿ ಕಲಿತದ್ದು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎರಡು ವರ್ಷದ ಹಿಂದೆ ಎಡಗಣ್ಣಿನ ಆಪರೇಶನ್ ಆದ ನಾಲ್ಕನೆಯ ದಿನ, ತಾನಲ್ಲದೆ ಬೇರೆ ಯಾರು ಕುಳಿತರೂ ಆ ಎಮ್ಮೆಯ ವಂಶದ ಈಗಿನ ಎಮ್ಮೆ ಹಾಲು ಇಳಿಸುವುದಿಲ್ಲವೆಂದು ನಸುಕಿನಲ್ಲೇ ಎದ್ದು ಹಿತ್ತಲಿಗೆ ಹೋಗಿ ಬಗ್ಗಿ ಕುಳಿತಳು. ಎಮ್ಮೆ ಹಾಲು ಇಳಿಸಿತು. ಕಣ್ಣು ಹೋಯಿತು. ಈಗ ಬಲಗಣ್ಣಿನ ಸರದಿ. ಹುಕ್ಕೇರಿಯ ಶಿಬಿರದಲ್ಲಿ ಆಪರೇಶನ್ ಮುಗಿಸಿದ ಡಾಕ್ಟರು ನನ್ನನ್ನು ಹೊರಗೆ ಕರೆದು, "ಮಾಸ್ತರ, ಇನ್ನ ಉಳದದ್ದು ಇದೊಂದ ಕಣ್ಣು. ಇಪ್ಪತ್ತೊಂದು ದಿವಸ ಮಲಗಿದಲ್ಲೇ ಇರಬೇಕು. ಬಗ್ಗಬಾರದು, ಕೆಮ್ಮಬಾರದು, ಜೋರ ನಗಬಾರದು. ಅಳೂದಂತೂ ಬ್ಯಾಡೇ ಬ್ಯಾಡ" ಎಂದರು. "ಅಳಾಕ ಏನ ಕಾರಣ ಐತ್ರಿ ಸಾಹೇಬ್ರ?" ಎಂದೆ. "ಅದನ್ನ ನೀವು ಹುಡುಕಿ ಕೊಡಬ್ಯಾಡ್ರಿ" ಎಂದರು.

ಮೊದಲ ಎರಡು ದಿನದಲ್ಲೇ ಗೊತ್ತಾಯಿತು, ದೊಡ್ಡವ್ವನನ್ನು ಮಲಗಿಸುವುದಕ್ಕಿಂತ ಎಮ್ಮೆಯನ್ನು ಮಂಚದ ಮೇಲೆ ಮಲಗಿಸುವುದು ಸುಲಭ. ನಾನು ಶಾಲೆಗೆ ಹೋದ ಮೇಲೆ ನನ್ನ ಹೆಂಡತಿ ಸುನಂದಾ ಮಂಚಕ್ಕೆ ಅಡ್ಡ ಕುಳಿತು ಹೇಗೋ ಸಂಭಾಳಿಸುತ್ತಿದ್ದಳು. ಸಂಜೆಯ ಹಾಲು ಹಿಂಡುವ ಹೊತ್ತಿಗೆ ಮಾತ್ರ ಎಮ್ಮೆ ಅತ್ತ ಒದರುತ್ತಿತ್ತು, ಇತ್ತ ದೊಡ್ಡವ್ವ ಏಳುತ್ತಿದ್ದಳು. ಅದೇ ಹೊತ್ತಿಗೆ ನಾನು ಬಸ್ಸಿಳಿದು ಬರುತ್ತಿದ್ದೆ. "ಚೀಲಾ ಆಮ್ಯಾಲ ಇಡ್ರಿ, ಮೊದಲ ಅತ್ತಿಯವರಿಗೆ ಏನರೆ ಓದಿ ಹೇಳ್ರಿ" ಎಂದಳು ಸುನಂದಾ. ನಾನು ಪುರಾಣ ತೆಗೆದೆ. ಪುರಾಣದಲ್ಲಿ ದೇವರ ಹೆಸರು ಬಂದಾಗಲೆಲ್ಲ ದೊಡ್ಡವ್ವ ಎದ್ದು ಕುಳಿತು, ಕೈ ಜೋಡಿಸಿ, ತಲೆ ಬಗ್ಗಿಸುತ್ತಿದ್ದಳು. ಒಂದು ಪುಟದಲ್ಲಿ ಹದಿನಾಲ್ಕು ಸಲ ಬಗ್ಗಿದಳು. ದೇವರ ಹೆಸರು ಬಂದಲ್ಲಿ 'ಅವರು' ಎಂದು ಓದಿ ನೋಡಿದೆ. "ಅವರು ಅಂದ್ರ ಯಾರು? ಹೆಸರ ಹೇಳಾಕ ನಿನಗೇನ ಬ್ಯಾನಿ?" ಎಂದು ಬೈದು, ತಾನೇ ಹೆಸರು ಹೇಳಿ, ತಾನೇ ಬಗ್ಗಿದಳು. ನನಗೆ ಬೇಕಾಗಿದ್ದುದು ದೇವರಿಲ್ಲದ, ನಗು ಬಾರದ, ಅಳು ಬಾರದ, ಆದರೂ ಬಿಟ್ಟು ಏಳಲಾಗದ ಒಂದು ಕಥೆ. ಅಂಥ ಕಥೆ ಬರೆಯಲು ದೊಡ್ಡ ದೊಡ್ಡವರಿಗೇ ಆಗಿಲ್ಲ.

ಮನೆಯಲ್ಲಿ ಸಿಕ್ಕಿದ್ದು ಒಂದೇ ಪುಸ್ತಕ. ದೀಪಾವಳಿ ರಜೆಗೆ ಪುಣೆಯಿಂದ ಬಂದಿದ್ದ ಸುನಂದಾಳ ಅಣ್ಣನ ಮಗಳು ಬಿಟ್ಟುಹೋದ ಬಣ್ಣಬಣ್ಣದ ಇಂಗ್ಲಿಷ್ ಕಾಮಿಕ್ಸು. ರಟ್ಟು ಹರಿದಿತ್ತು. ನನ್ನ ಇಂಗ್ಲಿಷು ಸಂಕೇಶ್ವರದ ಬಸ್ಸಿನ ಹಾಗೆ. ಬರುತ್ತದೆ, ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಆದರೂ ಚಿತ್ರ ನೋಡಿಕೊಂಡು ಶುರು ಮಾಡಿದೆ. "ಒಬ್ಬಾಂವ ಇದ್ದಾ ದೊಡ್ಡವ್ವ, ಭಾಳ ಶಕ್ತಿವಂತ. ಅಂವ ಹಾರುವಾಂವ."

"ಹಾರುವರಾಂವನ? ಯಾ ಊರಾಂವ?"

"ಹಾರುವರಾಂವ ಅಲ್ಲ ದೊಡ್ಡವ್ವ. ಮುಗಲಾಗ ಹಾರತಾನ, ಹಕ್ಕಿಗತೆ."

"ಹಂಗಂದ್ರ ಸರಿ. ಊರ ಕಾಯತಾನೇನು?"

"ಕಾಯತಾನ."

"ಹಂಗಾರ ಗೌಡ ಅನ್ನು." ಹೀಗೆ ಆ ಪರದೇಶದ ಪರಾಕ್ರಮಿ ನಮ್ಮ ಪಡಸಾಲೆಯಲ್ಲಿ ಹಾರೂ ಗೌಡನಾದ.

ಕಥೆಯ ತಿರುಳು ಇಷ್ಟು. ಒಬ್ಬ ದುಷ್ಟ ಒಂದು ಯಂತ್ರ ಹಿಡಿದು ಬಂದು ಇಡೀ ಒಂದು ಊರನ್ನು, ಮನೆ ಮಠ ಮಂದಿ ಸಮೇತ, ಬೆರಳುದ್ದ ಮಾಡಿ ಗಾಜಿನ ಬಾಟಲಿಯಲ್ಲಿ ತುಂಬಿಟ್ಟಿರುತ್ತಾನೆ. ಹಾರೂ ಗೌಡ ಅವನನ್ನು ಬಡಿದು ಬಾಟಲಿ ಕಸಿದು ತಂದರೂ ಊರನ್ನು ಮತ್ತೆ ದೊಡ್ಡದು ಮಾಡಲಾಗದೆ, ಅದನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಜೋಪಾನ ಮಾಡುತ್ತಿರುತ್ತಾನೆ. ಬಾಟಲಿ ಎಂದರೆ ದೊಡ್ಡವ್ವನ ಮನಸ್ಸಿನಲ್ಲಿ ಬೇರೆಯೇ ವಾಸನೆ ಬಂದೀತೆಂದು ನಾನು ಗಾಜಿನ ಬರಣಿ ಎಂದೆ. "ಉಪ್ಪಿನಕಾಯಿ ಬರಣಿನ?" ಎಂದಳು. ಹೌದೆಂದೆ. "ಚಂದಂಗ ತೊಳದಿದ್ರೋ ಇಲ್ಲೋ? ಖಾರ ಉಳದಿದ್ರ ಪಾಪ ಮಂದಿ ಕಣ್ಣ ಉರೀತಾವು." ತೊಳೆದಿದ್ದರು ಎಂದೆ. "ನೀರಿಗೇನ ಮಾಡ್ತಾರ?" ಹಾರೂ ಗೌಡ ದಿನಾ ಮುಂಜಾನೆ ಒಂದು ಚಮಚ ನೀರು ಹಾಕುತ್ತಾನೆ ಎಂದೆ. "ಒಮ್ಮೆಲೇ ಸುರವಿದ್ರ ಊರ ಹರಕೊಂಡು ಹೊಕ್ಕೈತಿ. ಅರಿವಿ ತೊಯಿಸಿ ಹನಿಹನಿ ಹಿಂಡು ಅನ್ನು ಅವಗ." ಹೇಳುತ್ತೇನೆ ಎಂದೆ. ಇದನ್ನೆಲ್ಲ ಅವಳು ತಲೆ ಅಲುಗಿಸದೆ, ಪಟ್ಟಿ ಕಟ್ಟಿದ ಮುಖವನ್ನು ತೊಲೆಗೆ ಎದುರಾಗಿ ಇಟ್ಟುಕೊಂಡೇ ಕೇಳುತ್ತಿದ್ದಳು. ಹಿತ್ತಲಲ್ಲಿ ಎಮ್ಮೆ ಒದರಿ ಒದರಿ ಸುನಂದಾಳಿಗೆ ಹಾಲು ಕೊಟ್ಟಿತು. ಹೀಗೆ ಐದನೆಯ ದಿನ ಕಳೆಯಿತು. ನನ್ನ ಗಂಟಲು ಜೋಳದ ರೊಟ್ಟಿಯ ಸುಟ್ಟ ಅಂಚಿನ ಹಾಗಾಗಿತ್ತು.

ನಾನು ಎಡವಿದ್ದು ಆರನೆಯ ದಿನ, ಒಂದೇ ಒಂದು ಶಬ್ದದ ಮೇಲೆ. ದುಷ್ಟನು ಥೇಟ್ ಹಾರೂ ಗೌಡನದೇ ಬಣ್ಣದ ಚಡ್ಡಿ ತೊಟ್ಟು, ಅವನದೇ ಮೋರೆ ಮಾಡಿಕೊಂಡು, ಬರಣಿ ಕದಿಯಲು ಮನೆಯೊಳಗೆ ಬರುತ್ತಾನೆ. ಇಂಥವನಿಗೆ ಕನ್ನಡದಲ್ಲಿ ಏನೆನ್ನಬೇಕು? ಸೋಗಿನವ, ಕಪಟಿ, ಮೋಸಗಾರ, ಎಷ್ಟೋ ಇವೆ. ಅಂದು ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ. ದಣಿದವನ ಬಾಯಿಗೆ ಮೊದಲು ಬಂದದ್ದು, "ಅಂವ ಹಗಲುವೇಷದಾಂವ ದೊಡ್ಡವ್ವ" ಎಂದುಬಿಟ್ಟೆ.

"ಹಗಲುವ್ಯಾಸದಾಂವ ಬಂದಾನ?" ದೊಡ್ಡವ್ವನ ಮುಖ ಅರಳಿತು. "ಅಯ್ಯ, ಒಳಗ ಕರೀ ಅನ್ನು! ಒಂದು ಸೇರ ಜ್ವಾಳ ಹಾಕು ಅನ್ನು."

ತಪ್ಪು ಆಗಿಹೋಗಿತ್ತು. ನಮ್ಮ ಕಡೆ ಹಗಲುವೇಷದವರೆಂದರೆ ಮನೆಯವರ ಹಾಗೆ. ಒಂದು ದಿನ ಹನುಮಪ್ಪನಾಗಿ ಬರುತ್ತಾರೆ, ಮರುದಿನ ರಾವಣನಾಗಿ, ಮೂರನೆಯ ದಿನ ಪೊಲೀಸನಾಗಿ ಬಂದು ಗೌಡರನ್ನೇ ಗದರಿಸುತ್ತಾರೆ. ಕೊನೆಯ ದಿನ ವೇಷವಿಲ್ಲದೆ ಸಾದಾ ಬಟ್ಟೆಯಲ್ಲಿ ಮನೆಮನೆಗೆ ಬಂದು, 'ಇವೆಲ್ಲ ನಾವೇ ಮಾಡಿದ್ದೆವು' ಎಂದು ನಿಂತಾಗ ಜನ ಕಾಳು ಕಡಿ, ಹಳೆಯ ಧೋತರ ಕೊಟ್ಟು ಕಳಿಸುತ್ತಾರೆ. ದೊಡ್ಡವ್ವನ ತಂದೆಯನ್ನು ಇಂಥ ಪೊಲೀಸನೊಬ್ಬ ಬೇಡಿ ಹಾಕಿ ಚಾವಡಿಯವರೆಗೆ ಎಳೆದೊಯ್ದಿದ್ದನಂತೆ. ಮನೆಯವರೆಲ್ಲ ಬೆನ್ನು ಹತ್ತಿ ಅತ್ತರಂತೆ. ವೇಷವೆಂದು ತಿಳಿದಾಗ ಅಜ್ಜ ತನ್ನ ತಲೆಯ ಹೊಸ ರುಮಾಲನ್ನೇ ಬಿಚ್ಚಿ ಅವನಿಗೆ ಸುತ್ತಿದನಂತೆ. "ಅವನಂಥಾ ಪೋಲೀಸ ಖರೆ ಪೋಲೀಸರಾಗೂ ಇಲ್ಲ ಬಿಡು" ಎಂದು ನಿಟ್ಟುಸಿರಿಟ್ಟಳು. ಇಂಥವಳೆದುರು ಆ ದುಷ್ಟ ದುಷ್ಟನಾಗುವುದು ಹೇಗೆ? ಅವನು ಬಾಗಿಲು ಒಡೆದರೆ, "ಪಾಪ, ಕೆಲಸಾ ಚಲೋ ಮಾಡತಾನ" ಎನ್ನುತ್ತಿದ್ದಳು. ಹಾರೂ ಗೌಡ ಅವನಿಗೆ ಹೊಡೆದರೆ, "ಕಲಾವಂತನ ಮ್ಯಾಲ ಕೈ ಮಾಡತಾನಲ್ಲ, ಇವ ಎಂಥಾ ಗೌಡ?" ಎಂದು ಸಿಡುಕುತ್ತಿದ್ದಳು. ಶಬ್ದ ಬದಲಿಸಿ ನೋಡಿದೆ. ಮರುದಿನ "ಕಳ್ಳ" ಎಂದೆ. "ನಿನ್ನಿ ಹಗಲುವ್ಯಾಸದಾಂವ ಇದ್ದಾಂವ ಇವತ್ತ ಕಳ್ಳ ಹ್ಯಾಂಗ ಆದಾ? ಸರಿಯಾಗಿ ಓದು" ಎಂದಳು. ಅಡುಗೆಮನೆಯಿಂದ ಸುನಂದಾ, "ನಿನ್ನೆ ಬರಣಿ ಗ್ವಾಡಿ ಮಾಡದಾಗ ಇತ್ತು ಅಂದ್ರಿ, ಇವತ್ತ ಟೇಬಲ್ ಮ್ಯಾಲ ಐತಿ ಅಂತೀರಿ. ಎತ್ತಿಟ್ಟಾಂವ ಯಾರ್ರಿ?" ಎಂದು ಸವಾಲು ಹಾಕಿದಳು. ಒಬ್ಬಳಿಗೆ ಓದುತ್ತಿದ್ದೇನೆಂದು ತಿಳಿದಿದ್ದೆ. ಇಬ್ಬರು ಲೆಕ್ಕ ಇಟ್ಟಿದ್ದರು.

ಒಂಬತ್ತನೆಯ ದಿನ ಕಾಮಿಕ್ಸು ಮುಗಿಯಿತು. ಮುಗಿಯಿತೆಂದರೆ ಕಥೆ ಮುಗಿಯಲಿಲ್ಲ, ಕಾಗದ ಮುಗಿಯಿತು. ಕೊನೆಯ ಚಿತ್ರದಲ್ಲಿ ಬರಣಿಯ ಎರಡೂ ಮಗ್ಗುಲಿಗೆ ಇಬ್ಬರು ಹಾರೂ ಗೌಡರು, ಥೇಟ್ ಒಂದೇ ತರಹ, "ನಾನೇ ಖರೆ, ನಾನೇ ಖರೆ" ಎಂದು ಕೂಗುತ್ತಾರೆ. ಒಳಗಿನ ಬೆರಳುದ್ದದ ಮಂದಿ ಗಾಜಿಗೆ ಮೂಗು ಒತ್ತಿ ಕಂಗಾಲಾಗಿ ನೋಡುತ್ತಿದ್ದಾರೆ. ಉಳಿದದ್ದು ಮುಂದಿನ ಸಂಚಿಕೆಯಲ್ಲಂತೆ. ಗೋಕಾಕದ ಯಾವ ಅಂಗಡಿಯಲ್ಲೂ ಆ ಸಂಚಿಕೆ ಇರಲಿಲ್ಲ. ಡಾಕ್ಟರು ಹೇಳಿದ ದಿನಗಳಲ್ಲಿ ಇನ್ನೂ ಹನ್ನೆರಡು ಬಾಕಿ ಇದ್ದವು. ನಾನು ಪುಸ್ತಕ ಹಿಡಿದು ಸುಮ್ಮನೆ ಕುಳಿತೆ. ಹಿತ್ತಲಲ್ಲಿ ಎಮ್ಮೆ ಒದರಿತು. ದೊಡ್ಡವ್ವ ಒಂದು ಮೊಣಕೈ ಊರಿದಳು.

"ಇಬ್ಬರಾಗ ಖರೆ ಗೌಡ ಯಾರಂತ ಹ್ಯಾಂಗ ಗುರತ ಹಿಡದ್ರು ಗೊತ್ತೈತೇನು ದೊಡ್ಡವ್ವ?" ಎಂದು ನಾನು ಗಾಬರಿಯಲ್ಲಿ ಕೇಳಿದೆ. ಮೊಣಕೈ ನಿಂತಿತು.

"ಅದರಾಗೇನೈತಿ?" ಎಂದಳು. "ಒಳಗಿನ ಮಂದಿ ಎಲ್ಲಾರೂ ಕೂಡಿ, 'ವ್ಯಾಸ ಚಲೋ ಆತರಿ, ಭಾಳ ಚಲೋ ಆತು' ಅಂತ ಒದರಬೇಕು. ಹಗಲುವ್ಯಾಸದಾಂವ ಕೈ ಹಣಿಗಿಟ್ಟು ಮುಜರೆ ಮಾಡದ ಬಿಡಾಂಗಿಲ್ಲ. ಅವನ ರಕ್ತದಾಗ ಬಂದಿರತೈತಿ. ಮುಜರೆ ಮಾಡಿದಾಂವ ಡುಪ್ಲಿಕೇಟ್, ಸುಮ್ಮ ನಿಂತಾಂವ ಗೌಡ."

"ಪುಸ್ತಕದಾಗೂ ಹಂಗ ಬರದಾರ ನೋಡು" ಎಂದೆ. ನನ್ನ ಜೀವಮಾನದಲ್ಲಿ ಇಷ್ಟು ಕೃತಜ್ಞತೆಯಿಂದ ಸುಳ್ಳು ಹೇಳಿದ್ದಿಲ್ಲ. ದುಷ್ಟ ಮುಜರೆ ಮಾಡಿ ಸಿಕ್ಕಿಬಿದ್ದ. ದೊಡ್ಡವ್ವನ ಆಜ್ಞೆಯಂತೆ ಅವನಿಗೆ ಜೋಳ ಹಾಕಿಸಿ, ಒಂದು ರುಮಾಲು ಸುತ್ತಿಸಿ, ಬರಣಿ ಕಾಯುವ ಕೆಲಸಕ್ಕೇ ಇಟ್ಟುಕೊಂಡೆವು.

ಅಲ್ಲಿಂದ ಮುಂದೆ ನಾನು ಬಸ್ಸಿನಲ್ಲೇ ಕಥೆ ಕಟ್ಟಿಕೊಂಡು ಬರತೊಡಗಿದೆ. ಬರಣಿಯೊಳಗೆ ಸಂತೆ ಹಚ್ಚಿದೆ, ಒಂದು ಜಗಳ ಹಚ್ಚಿದೆ, ಎರಡು ಮದುವೆ ಮಾಡಿಸಿದೆ. ಸುತ್ತೋಲೆ ಓದುತ್ತ ಓದುತ್ತ, "ಬರಣಿಯ ಮುಚ್ಚಳವನ್ನು ಸಡಿಲಿಸತಕ್ಕದ್ದು" ಎಂದು ಓದಿದ್ದರಿಂದ ಹೆಡ್‌ಮಾಸ್ತರರು, "ಏನ್ ಮಾಸ್ತರ, ಆರಾಮ ಅದೀರಿ ಹೌದಿಲ್ಲೋ?" ಎಂದು ವಿಚಾರಿಸಿದರು. ಆರಾಮವಿರಲಿಲ್ಲ. ದಣಿವು ಹೊದಿಕೆಯ ಹಾಗೆ ಮೈಮೇಲೆ ಬಿದ್ದಿತ್ತು. ನಗಿಸಬಾರದು, ಅಳಿಸಬಾರದು, ಬಿಡಲೂಬಾರದು. ಈ ಮೂರರ ನಡುವಿನ ಸಂದಿಯಲ್ಲಿ ದಿನಾ ಒಂದು ತಾಸು ನಡೆಯುವುದೆಂದರೆ ಹಗ್ಗದ ಮೇಲೆ ಬಿಂದಿಗೆ ಹೊತ್ತು ನಡೆದ ಹಾಗೆ.

ಹದಿನೇಳನೆಯ ದಿನ ನಾನು ಏನನ್ನೂ ಯೋಚಿಸಿಕೊಂಡು ಬಂದಿರಲಿಲ್ಲ. ಬಸ್ಸಿನಲ್ಲಿ ನಿದ್ದೆ ಹತ್ತಿತ್ತು. ಬರಣಿಯ ಊರಲ್ಲಿ ಪಂಚಮಿ ಬಂತು, ಮರಮರಕ್ಕೆ ಜೋಕಾಲಿ ಕಟ್ಟಿದರು ಎಂದು ಸುಮ್ಮನೆ ಅಂದೆ.

ದೊಡ್ಡವ್ವ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಬಾಳಪ್ಪಾ, ಊರ ಸಣ್ಣದಾಗೂದಕ್ಕಿಂತ ಮೊದಲ ಹೊರಗ ಲಗ್ನಾ ಮಾಡಿಕೊಟ್ಟ ಹೆಣಮಕ್ಕಳು ಇದ್ದಾರಲ್ಲ, ಅವರು?" ಎಂದಳು.

"ಅವರು... ಅವರು ದೊಡ್ಡವರ ಉಳದಾರ ದೊಡ್ಡವ್ವ."

"ಹಂಗಾರ ಪಂಚಮಿಗೆ ತವರಿಗೆ ಹ್ಯಾಂಗ ಬರ್ತಾರ? ಬರಣಿ ಮುಂದ ನಿಂತು ನೋಡಿ ಹೋಗೂದನ?"

ನಾನು ಎಂಥ ಮೂರ್ಖ ಎಂಬುದು ಆಗ ಹೊಳೆಯಿತು. ನಮ್ಮವ್ವನ, ದೊಡ್ಡವ್ವನ ತವರೂರು ಹಿಡಕಲ್ ಡ್ಯಾಮಿನ ನೀರಿನ ಕೆಳಗಿದೆ. ನಾನು ಸಣ್ಣವನಿದ್ದಾಗ ಅಲ್ಲಿಯ ಬಾವಿಯಲ್ಲಿ ಈಜು ಕಲಿತಿದ್ದೆ. ನೀರು ನಿಂತ ಮೇಲೆ ಊರವರು ಬೇರೆ ಬೇರೆ ಕಡೆ ಮನೆ ಕಟ್ಟಿಕೊಂಡರು. ಊರು ಅಲ್ಲೇ ಉಳಿಯಿತು. ಒಂದು ವರ್ಷ ಪಂಚಮಿಗೆ ದೊಡ್ಡವ್ವ ಯಾರಿಗೂ ಹೇಳದೆ ಬುತ್ತಿ ಕಟ್ಟಿಕೊಂಡು ಹೋಗಿ, ನೀರಿನ ದಂಡೆಯಲ್ಲಿ ಸಂಜೆಯವರೆಗೆ ನಿಂತು, ಬುತ್ತಿಯ ಗಂಟು ಬಿಚ್ಚದೆ ಹಾಗೆಯೇ ತಿರುಗಿ ಬಂದಿದ್ದಳು. ಇಷ್ಟು ದಿನದಿಂದ ನಾನು ಯಾರಿಗೆ ಯಾವ ಕಥೆ ಹೇಳುತ್ತಿದ್ದೇನೆಂಬುದು ನನಗೊಬ್ಬನಿಗೇ ಗೊತ್ತಿರಲಿಲ್ಲ. ಪಟ್ಟಿಯ ಕೆಳಗೆ ಅವಳ ಗದ್ದ ನಡುಗುತ್ತಿತ್ತು. ಆ ಪಟ್ಟಿಯೊಳಗೆ ಇದ್ದದ್ದು ಅವಳಿಗೆ ಉಳಿದ ಒಂದೇ ಕಣ್ಣು. ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು.

"ನೋಡಿ ಹೋಗಾಕ ಅವರೇನ ಅಂಜುಬುರುಕರೇನ ದೊಡ್ಡವ್ವ?" ಎಂದು ನಾನು ಹೆಚ್ಚುಕಡಿಮೆ ಚೀರಿದೆ. "ನಾಲ್ವತ್ತು ಮಂದಿ ಹೆಣಮಕ್ಕಳು ಬುತ್ತಿಗಂಟ ಹೊತಗೊಂಡು ಹಾರೂ ಗೌಡನ ಮನಿಗೇ ನುಗ್ಗಿದ್ರು! 'ಏನೋ ಗೌಡಾ, ನಮ್ಮ ತವರಮನಿ ಬರಣ್ಯಾಗ ಇಟಗೊಂಡು ಕುಂತೀಯಲ್ಲ, ಹಾರಾಕ ಬರತೈತಿ, ಇದೊಂದ ಬರೂದಿಲ್ಲೇನು?' ಅಂತ ಜಬರಿಸಿದ್ರು."

ಗದ್ದ ನಿಂತಿತು. "ಅಂವ ಏನಂದಾ?"

"ನನ್ನ ಕೈಯಾಗ ಇಲ್ರಿ ಅಂದಾ."

"ಕೈಯಾಗ ಇಲ್ಲಂದ್ರ?" ದೊಡ್ಡವ್ವನ ದನಿ ಏರಿತು. "ಎಲ್ಲಾ ಸಾಹೇಬರೂ ಇದನ್ನ ಅಂತಾರ! ಯಾ ಸಾಹೇಬನ್ನ ಕೇಳಿದ್ರೂ ಅವನ ಕೈಯಾಗ ಇರಾಂಗಿಲ್ಲ! ಮತ್ತ ಯಾತಕ್ಕ ಆ ಬಣ್ಣದ ಚೊಣ್ಣಾ ಹಾಕ್ಕೊಂಡ ಹಾರತೀಯೋ ಮೂಳಾ?" ಮಲಗಿದಲ್ಲೇ, ತಲೆಯನ್ನು ಕೂದಲೆಳೆಯಷ್ಟೂ ಅಲುಗಿಸದೆ, ಕಾಲು ತಾಸು ಹಾರೂ ಗೌಡನನ್ನು ಬೈದಳು. ಬೆಲೆಬಾಳುವ, ಈಗ ಯಾರ ಬಾಯಲ್ಲೂ ಉಳಿದಿರದ ಬೈಗಳು. ಸಿಟ್ಟಾಗಬಾರದೆಂದು ಡಾಕ್ಟರು ಹೇಳಿರಲಿಲ್ಲ. ಕಣ್ಣು ಒಣಗಿತ್ತು. ಸುನಂದಾ ಬಾಗಿಲಿಗೆ ಬಂದು ನಿಂತು, ನನ್ನನ್ನು ನೋಡಿ, ಒಂದು ಬಟ್ಟಲು ಚಹಾ ಇಟ್ಟು ಹೋದಳು. ಹದಿನೇಳು ದಿನಗಳಲ್ಲಿ ಕೇಳದೆ ಬಂದ ಮೊದಲ ಚಹಾ.

ಮುಂದಿನದು ತಾನಾಗಿ ಬಂತು. ಹೆಣ್ಣುಮಕ್ಕಳು ಬರಣಿ ಕಾಯುತ್ತಿದ್ದ ಹಗಲುವೇಷದವನನ್ನು ಹಿಡಿದರು. ಅವನು, "ಊರ ದೊಡ್ಡದು ಮಾಡೂ ವಿದ್ಯೆ ನನಗೂ ಬರೂದಿಲ್ಲವ್ವ. ನಿಮ್ಮನ್ನ ಸಣ್ಣವರನ್ನ ಮಾಡ್ತೇನಿ, ಪಂಚಮಿ ಮುಗಿಸಿಕೊಂಡು ಬರ್ರಿ, ಮತ್ತ ದೊಡ್ಡವರನ್ನ ಮಾಡಿ ಗಂಡನ ಮನಿಗೆ ಕಳಸ್ತೇನಿ" ಎಂದ. ನಾಲ್ವತ್ತೂ ಮಂದಿ ಬುತ್ತಿ ಸಮೇತ ಬೆರಳುದ್ದವಾಗಿ ಬರಣಿಯೊಳಗೆ ಇಳಿದರು. ನಾಲ್ಕು ದಿನ ಬರೇ ಜೋಕಾಲಿ, ಉಂಡಿ, ಅವ್ವಂದಿರ ಮಾತು. ಇಪ್ಪತ್ತೊಂದನೆಯ ದಿನ ಎಲ್ಲರೂ ಹೊರಗೆ ಬಂದರು. "ಒಬ್ಬಾಕಿ ಮಾತ್ರ ಬರಾಕ ಒಲ್ಲೆ ಅಂದ್ಲು ದೊಡ್ಡವ್ವ" ಎಂದೆ. "ಯಾಕ ಬರ್ತಾಳ" ಎಂದು ಮೆಲ್ಲಗೆ ಹೇಳಿ ನಿದ್ದೆ ಹೋದಳು.

ಮರುದಿನ ಹುಕ್ಕೇರಿಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿ ಬೆರಳು ತೋರಿಸಿದರು. "ಮೂರು" ಎಂದಳು ದೊಡ್ಡವ್ವ. "ಉಗರ ತಗೀಬೇಕ್ರಿ ನೀವು." ಡಾಕ್ಟರು ನಕ್ಕು ನನ್ನ ಬೆನ್ನು ತಟ್ಟಿದರು. ಮನೆಗೆ ಬಂದವಳು ಮೊದಲು ಕೇಳಿದ್ದು ಆ ಪುಸ್ತಕವನ್ನು. ಹರಿದ ರಟ್ಟನ್ನು ಒತ್ತಿ ಸರಿಮಾಡಿ ಕೊಟ್ಟೆ. ದಪ್ಪ ಚಾಳೀಸಿನಲ್ಲಿ ಮೊದಲಿಂದ ಕೊನೆಯವರೆಗೆ ಒಂದೊಂದೇ ಚಿತ್ರ ನೋಡಿ, "ಇದರಾಗ ಒಬ್ಬಾಕೀನೂ ಬುತ್ತಿ ಹೊತ್ತಿಲ್ಲ. ಯಾರೋ ನಿನಗ ಡುಪ್ಲಿಕೇಟ್ ಕೊಟ್ಟಾರ" ಎಂದು ಹಿಂದಿರುಗಿಸಿ ಎಮ್ಮೆಯನ್ನು ನೋಡಲು ಹೋದಳು. ಕಣ್ಣು ಬಂತು, ಮರ್ಯಾದೆಯೂ ಉಳಿಯಿತು ಎಂದು ನಾನು ಹಿಗ್ಗಿದೆ. ಇಷ್ಟು ದಿನ ಒಬ್ಬ ಮುಗ್ಧ ಜೀವವನ್ನು ಎಷ್ಟು ನಾಜೂಕಾಗಿ ಯಾಮಾರಿಸಿದೆ ಎಂದು ಬಸ್ಸಿನಲ್ಲಿ ಒಬ್ಬನೇ ಮುಗುಳ್ನಗುತ್ತಿದ್ದೆ.

ಒಂದು ವಾರದ ಮೇಲೆ ಮೂಡಲಗಿಯಿಂದ ಬಂದಾಗ ನಮ್ಮ ಪಡಸಾಲೆಯ ತುಂಬ ಓಣಿಯ ಹೆಂಗಸರು. ನಡುವೆ ದೊಡ್ಡವ್ವ. ಯಾರೂ ನನ್ನನ್ನು ನೋಡಲಿಲ್ಲ; ನಾನು ಚೀಲ ಹಿಡಿದು ಹೊಸ್ತಿಲ ಮೇಲೇ ನಿಂತೆ.

"ಆ ಬರಣಿ ಊರಾಗ ಒಬ್ಬ ಮಾಸ್ತರ ಇದ್ದಾ" ಎನ್ನುತ್ತಿದ್ದಳು. "ದಿನಾ ಸಂಜಿಕೆ ದಣದು ಬಂದು ಒಬ್ಬ ಮುದುಕಿಗೆ ಕಥಿ ಓದಿ ಹೇಳತಿದ್ದಾ. ಹತ್ತನೇ ದಿನಕ್ಕ ಮುದುಕಿಗೆ ಗೊತ್ತಾತು, ಇಂವ ಓದಾಕತ್ತಿಲ್ಲ, ಹುಟ್ಟಿಸಿ ಹೇಳಾಕತ್ತಾನ ಅಂತ."

"ಕಣ್ಣಿಲ್ಲದಾಕಿಗೆ ಹ್ಯಾಂಗ ಗೊತ್ತಾತಬೇ?" ಎಂದಳು ಬಾಜೂ ಮನೆಯ ಕಾಶವ್ವ.

"ಹಾಳಿ ತಿರವೂ ಸಪ್ಪಳ ನಿಂತಿತ್ತಲ್ಲ! ಕಣ್ಣಿಗೆ ಪಟ್ಟಿ ಕಟ್ಟಿದ್ರು, ಕಿವಿಗೇನ ಕಟ್ಟಿದ್ರೇನು? ಮುದುಕಿ ಸುಮ್ಮನಿದ್ಲು. ಗೊತ್ತೈತಿ ಅಂದ್ರ ಪಾಪ ನಾಚಕೊಂಡು ಬಿಟ್ಟಾನು ಅಂತ. ನಡುನಡು ಕಥಿ ನಿಂತಾಗ ಮೊಣಕೈ ಊರಿ ಏಳಾಕ ಹ್ವಾದಂಗ ಮಾಡೂದು. ಅಂಜಿ ಮುಂದಿಂದು ಹೇಳಾಂವ."

ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಸುನಂದಾ.

"ಮುಂದ ಆ ಮಾಸ್ತರ ಏನಾದ್ನಬೇ?" ಎಂದಳು ಕಾಶವ್ವ.

"ಏನಾಗ್ತಾನ?" ಎಂದಳು ದೊಡ್ಡವ್ವ. "ಬಾಗಲದಾಗ ನಿಂತಾನ ನೋಡ್ರಿ."